ಹುಚ್ಚೋ ಸನ್ನಿಯೋ: ನಮ್ಮ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಮುಖ್ಯ ಗುರುಗಳು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ, ಬೆಂಗಳೂರಿನ ಕೆಲಸದ ಬಗ್ಗೆ ಹುಡುಗರಿಗೆ ನಾಲ್ಕು ಮಾತು ಹೇಳಪ್ಪ" ಅಂದಿದ್ದರು. ಒಪ್ಪಿಕೊಂಡಿದ್ದೆ. ಆಮೇಲೆ ಯೋಚನೆ ಮಾಡಿದೆ. ಕಂಪ್ಯೂಟರ್ ಬಗ್ಗೆ ಹೇಳುವವರು ಈಗ ಪ್ರತಿ ಮೊಬೈಲಿನಲ್ಲೂ ಇದ್ದಾರೆ. ನಮ್ಮ ಮನೆಯಲ್ಲಿ ಆದ ಒಂದು ಸಂಗತಿಯನ್ನು ನಾನು ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ. ಚಿಗವ್ವನ ಒಪ್ಪಿಗೆ ಕೇಳಿದೆ. "ಹೇಳು, ಇನ್ನೊಬ್ಬರ ಮನ್ಯಾಗ ಹಂಗಾಗಬಾರದು" ಅಂದಳು. ಹಾಗಾಗಿ ಇವತ್ತು ಹೇಳುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಬಿಇ ಓದಿದವನು. ಹೇಳುವುದೆಲ್ಲ ನಾಲ್ಕು ವರ್ಷ ಕಾಕಾನನ್ನು ಕರೆದುಕೊಂಡು ಆಸ್ಪತ್ರೆಗಳಿಗೆ ಓಡಾಡಿದಾಗ ವೈದ್ಯರಿಂದ ಕೇಳಿ ತಿಳಿದದ್ದು, ಆಮೇಲೆ ಓದಿದ್ದು.

ನಮ್ಮ ಕಾಕಾ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. 75 ಕೆಜಿ ಭತ್ತದ ಚೀಲವನ್ನು ಬೆನ್ನ ಮೇಲೆ ಹಾಕಿಕೊಂಡು ಹಲಗೆ ಏರುತ್ತಿದ್ದ. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ನನ್ನ ಪರೀಕ್ಷೆ ಫೀ ಕಟ್ಟಿದವನು ಅವನೇ. ಕುಡಿಯುತ್ತಿದ್ದ. ಮೊದಲು ಸಾರಾಯಿ ಪಾಕೀಟು. 2007ರ ಜುಲೈನಲ್ಲಿ ಸರಕಾರ ಸಾರಾಯಿ ನಿಲ್ಲಿಸಿದಾಗ ನಮ್ಮ ಅವ್ವ, ಚಿಗವ್ವ ದೇವರಿಗೆ ಕಾಯಿ ಒಡೆದರು. ಒಂದು ವಾರ ಅವನಿಗೆ ಮೈ ಸರಿ ಇರಲಿಲ್ಲ. ಆಮೇಲೆ ಅಂಗಡಿಯ ಅಗ್ಗದ ವಿಸ್ಕಿಗೆ ಹೊರಳಿದ. ಜಗಳಗಂಟ ಅಲ್ಲ, ಯಾರಿಗೂ ಕೈ ಎತ್ತಿದವನಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಸ್ವಲ್ಪ ಹಾಕದಿದ್ದರೆ ಚಹಾದ ಕಪ್ಪು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ನಾವು ಅದನ್ನು ನೋಡಿ ನಗುತ್ತಿದ್ದೆವು. ಅದೇ ಮೊದಲ ಲಕ್ಷಣ ಎಂದು ನಮಗೆ ಗೊತ್ತಿರಲಿಲ್ಲ.

2015ರ ಕೊನೆಗೆ ಕಾಕಾ ಹನುಮಮಾಲೆ ಹಾಕಿದ. ಅಂಜನಾದ್ರಿಗೆ ಹೋಗುವವರು ಮಾಲೆ ಹಾಕಿದ ದಿನದಿಂದ ಕುಡಿತ, ಮಾಂಸ ಬಿಡಬೇಕು, ನಿಮಗೆಲ್ಲ ಗೊತ್ತು. ಹನ್ನೊಂದು ದಿನದ ಮಾಲೆ. ಅವನು ಪೂರ್ತಿ ಮನಸ್ಸಿನಿಂದಲೇ ಹಾಕಿದ್ದ. ಮಗಳ ಮದುವೆ ಮಾತು ನಡೆದಿತ್ತು, ಬೀಗರ ಮುಂದೆ ಕುಡುಕ ಅನಿಸಿಕೊಳ್ಳಬಾರದು ಅಂತ. ಶನಿವಾರ ರಾತ್ರಿ ಕೊನೆಯ ಸಲ ಕುಡಿದ. ಭಾನುವಾರ ನಸುಕಿನಲ್ಲಿ ತಣ್ಣೀರು ಸ್ನಾನ ಮಾಡಿ ಮಾಲೆ ಹಾಕಿಸಿಕೊಂಡ.

ಭಾನುವಾರ ಸಂಜೆ ಹೊತ್ತಿಗೆ ಕೈ ನಡುಗಿತು, ಬೆವರಿತು, ರಾತ್ರಿ ನಿದ್ದೆ ಇಲ್ಲ. ಚಳಿಗಾಲ, ತಣ್ಣೀರು, ಹಾಗೇ ಆಗಿರಬೇಕು ಅಂದುಕೊಂಡರು. ಸೋಮವಾರ ರಾತ್ರಿ ಫಿಟ್ಸ್ ಬಂತು. ಯಾರೋ ಕೈಗೆ ಕಬ್ಬಿಣ ಕೊಟ್ಟರು, ಯಾರೋ ಉಳ್ಳಾಗಡ್ಡಿ ಮೂಗಿಗೆ ಹಿಡಿದರು. ಮಂಗಳವಾರ ಒಂದು ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರ್ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು: "ಕುಡೀತಾರೇನ್ರಿ?"

ಚಿಗವ್ವ ಹೇಳಿದಳು, "ಮಾಲಿ ಹಾಕ್ಯಾರ್ರಿ. ಮುಟ್ಟಂಗಿಲ್ಲ."

ಸುಳ್ಳಲ್ಲ. ಅವತ್ತಿಗೆ ಮೂರು ದಿನದಿಂದ ಮುಟ್ಟಿರಲಿಲ್ಲ. ಆದರೆ ಆ ಒಂದು ಉತ್ತರದಿಂದ ಎಲ್ಲವೂ ದಾರಿ ತಪ್ಪಿತು. ಸುಸ್ತು ಅಂತ ಗ್ಲೂಕೋಸ್ ಬಾಟಲಿ ಏರಿಸಿ ಮನೆಗೆ ಕಳಿಸಿದರು.

ಆ ರಾತ್ರಿ ಅವನು ಬೇರೆಯೇ ಆಗಿದ್ದ. ಗೋಡೆಯ ಮೇಲೆ ಇರುವೆ ಸಾಲು ಕಾಣುತ್ತಿತ್ತಂತೆ, ಮೈಮೇಲಿನ ಹುಳ ಕೊಡವುತ್ತಿದ್ದ. ಇಲ್ಲದ ಹತ್ತಿಯನ್ನು ಗಾಳಿಯಿಂದ ಆರಿಸಿಕೊಳ್ಳುತ್ತಿದ್ದ. ಆಮೇಲೆ ಎದ್ದು ನಿಂತು, ಬೆನ್ನು ಬಗ್ಗಿಸಿ, "ಲಾರಿ ಬಂದಾವಲೇ, ಚೀಲ ಹೊರಸ್ರಿ" ಅಂತ ಮನೆಯ ಈ ಗೋಡೆಯಿಂದ ಆ ಗೋಡೆಗೆ ಬರಿಗೈಯಲ್ಲಿ ಚೀಲ ಹೊತ್ತ. ಬೆಳಗಿನವರೆಗೆ ಹೊತ್ತ. ಚಿಗವ್ವನನ್ನು ಗಿರಣಿಯ ಗುಮಾಸ್ತ ಅಂದುಕೊಂಡು ಲೆಕ್ಕ ಕೇಳಿದ. ದೆವ್ವ ಬಡಿದಿದೆ ಅಂದರು ಕೆಲವರು, ಮಾಲೆಗೆ ಮೈಲಿಗೆ ಆಗಿದೆ ಅಂದರು ಇನ್ನು ಕೆಲವರು. ಧೋತರದಿಂದ ಮಂಚಕ್ಕೆ ಕಟ್ಟಿದರು.

ಬುಧವಾರ ಬೆಳಿಗ್ಗೆ ನನಗೆ ಫೋನ್ ಬಂತು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು, ಊರಿನವರ ಲೆಕ್ಕದಲ್ಲಿ ಎಲ್ಲ ಬಲ್ಲವನು. ನಾನು ಹೇಳಿದ್ದು ಇಷ್ಟು: "ಇದು ಹುಚ್ಚಿನ ಲಕ್ಷಣ. ಶನಿವಾರ ಬರ್ತೀನಿ, ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗೋಣು." ದೆವ್ವ ಅಂದವರನ್ನು ಅಜ್ಞಾನಿಗಳು ಅಂತ ಬೈದೆ ಕೂಡ. ಅವರಿಗಿಂತ ನಾನೇನು ಹೆಚ್ಚು ಸರಿ ಇರಲಿಲ್ಲ.

ಗುರುವಾರ ಮೈ ಕೆಂಡದಂತೆ ಸುಟ್ಟಿತು, ಪ್ರಜ್ಞೆ ತಪ್ಪಿತು. ಪಕ್ಕದ ಓಣಿಯ ಆಶಾ ಕಾರ್ಯಕರ್ತೆ ಬಂದವರು ಒಂದೇ ಮಾತು ಕೇಳಿದರು: "ಕಡೀಗೆ ಕುಡದಿದ್ದು ಯಾವಾಗ?" ಉತ್ತರ ಕೇಳಿದ ಕೂಡಲೇ 108ಕ್ಕೆ ಫೋನ್ ಹಚ್ಚಿದರು. ಗಂಗಾವತಿ, ಅಲ್ಲಿಂದ ಬಳ್ಳಾರಿ. ಹನ್ನೆರಡು ದಿನದ ಮೇಲೆ ಕಾಕಾ ಮನೆಗೆ ಬಂದ.

ಇಷ್ಟು ಕಥೆ. ಈಗ ಅದರಲ್ಲಿ ನಮಗೆ ತಿಳಿಯದೆ ಹೋದದ್ದೇನು ಎನ್ನುವುದನ್ನು ಹೇಳುತ್ತೇನೆ.

ನಮ್ಮ ಅಜ್ಜಿಯರ ಬಾಯಲ್ಲಿ ಒಂದು ಪದ ಇತ್ತು, ಸನ್ನಿ. ಜ್ವರ ಏರಿ ಮಗು ಬಡಬಡಿಸಿದರೆ "ಸನ್ನಿ ಆಗೈತಿ" ಅನ್ನುತ್ತಿದ್ದರು, ಹುಚ್ಚು ಹಿಡಿದಿದೆ ಅನ್ನುತ್ತಿರಲಿಲ್ಲ. ಎರಡೂ ಬೇರೆ ಎಂದು ಅವರಿಗೆ ಗೊತ್ತಿತ್ತು. ಡಾಕ್ಟರರು ಡೆಲಿರಿಯಂ ಎನ್ನುವುದು ಹೆಚ್ಚುಕಡಿಮೆ ಇದನ್ನೇ. ಮೈಯಲ್ಲಿ ಏನೋ ಕೆಟ್ಟು ಅದು ಮಿದುಳನ್ನು ಕೆಡಿಸಿರುತ್ತದೆ. ಜ್ವರ ಇರಬಹುದು, ಸಕ್ಕರೆ ಇಳಿದಿರಬಹುದು, ತಲೆಗೆ ಪೆಟ್ಟು ಬಿದ್ದಿರಬಹುದು, ವಿಷ ಇರಬಹುದು, ಕುಡಿತ ಒಮ್ಮೆಲೇ ನಿಂತಿರಬಹುದು. ಗುರುತು ಏನು? ಸನ್ನಿ ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಬರುತ್ತದೆ. ಹಗಲು ಸ್ವಲ್ಪ ತಿಳಿಯಾಗಿ ರಾತ್ರಿ ಕೆರಳುತ್ತದೆ. ಇವತ್ತು ಯಾವ ವಾರ, ಇದು ಯಾವ ಊರು, ಎದುರಿಗೆ ಇರುವವರು ಯಾರು ಎಂದು ಕೇಳಿದರೆ ಉತ್ತರ ತಪ್ಪುತ್ತದೆ. ಕಣ್ಣಿಗೆ ಇಲ್ಲದ್ದು ಕಾಣುತ್ತದೆ, ಹುಳ, ಹಾವು, ಸತ್ತವರು.

ಮಾನಸಿಕ ಕಾಯಿಲೆಯ ದಾರಿ ಸಾಮಾನ್ಯವಾಗಿ ಬೇರೆ. ಸ್ಕಿಜೋಫ್ರೇನಿಯಾ ಇದ್ದ ಹುಡುಗನನ್ನು ಕೇಳಿ, ಇವತ್ತು ಸೋಮವಾರ, ಇದು ಕಾರಟಗಿ, ನೀವು ನಮ್ಮ ಮಾವ ಅಂತ ಸರಿಯಾಗಿಯೇ ಹೇಳುತ್ತಾನೆ. ಆದರೆ ಕಿವಿಯಲ್ಲಿ ಯಾರೋ ಮಾತಾಡುತ್ತಾರೆ, ಊಟಕ್ಕೆ ಏನೋ ಬೆರೆಸಿದ್ದಾರೆ ಅನ್ನುತ್ತಾನೆ. ಅದು ಹೆಚ್ಚಾಗಿ ಹದಿನೆಂಟು ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ವಾರ ತಿಂಗಳುಗಳ ಕಾಲ ಮೆಲ್ಲಗೆ ಬರುತ್ತದೆ. ಮೊದಲು ನಿದ್ದೆ ಹೋಗುತ್ತದೆ, ಸ್ನಾನ ಬಿಡುತ್ತಾನೆ, ಗೆಳೆಯರನ್ನು ಬಿಡುತ್ತಾನೆ, ಓದಿನಲ್ಲಿ ಹಿಂದೆ ಬೀಳುತ್ತಾನೆ. ನಾವು ಸೊಕ್ಕು ಅನ್ನುತ್ತೇವೆ, ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುತ್ತೇವೆ. ಹಾಗೆ ಮಾಡಿದ ಮದುವೆಯಲ್ಲಿ ಇನ್ನೊಂದು ಮನೆಯ ಮಗಳ ಬದುಕೂ ಸಿಕ್ಕಿಬೀಳುತ್ತದೆ. ಇನ್ನು ಕೆಲವರು ವಾರಗಟ್ಟಲೆ ಎರಡು ಮೂರು ಗಂಟೆ ಮಾತ್ರ ಮಲಗಿ ದಣಿವೇ ಇಲ್ಲದಂತೆ ಓಡಾಡುತ್ತಾರೆ, ಸಾಲ ಮಾಡಿ ಖರ್ಚು ಮಾಡುತ್ತಾರೆ, ದೊಡ್ಡ ದೊಡ್ಡ ಮಾತಾಡುತ್ತಾರೆ. ಅದು ಮೇನಿಯಾ, ಅದಕ್ಕೂ ಔಷಧ ಇದೆ. ಖಿನ್ನತೆ ಮಾತ್ರ ನಮ್ಮ ಕಡೆ ತನ್ನ ಹೆಸರು ಹೇಳಿಕೊಂಡು ಬರುವುದೇ ಕಡಿಮೆ. ಮೈಕೈ ನೋವು, ಎದೆ ಭಾರ, ಊಟ ಸೇರುವುದಿಲ್ಲ, ನಸುಕಿನ ಮೂರಕ್ಕೇ ಎಚ್ಚರ ಎಂದು ಬರುತ್ತದೆ. ಎಷ್ಟೋ ತಾಯಂದಿರು ಅದಕ್ಕೆ ವರ್ಷಗಟ್ಟಲೆ ಶಕ್ತಿಯ ಇಂಜೆಕ್ಷನ್ ಹಾಕಿಸಿಕೊಂಡಿದ್ದಾರೆ.

ಹೆರಿಗೆಯಾದ ಮೊದಲ ವಾರಗಳಲ್ಲಿ ಬಾಣಂತಿಗೆ ಬುದ್ಧಿ ಕದಡಿದರೆ ಅದಕ್ಕೂ ಹಿರಿಯರು ಬಾಣಂತಿ ಸನ್ನಿ ಎಂದೇ ಹೆಸರಿಟ್ಟಿದ್ದಾರೆ. ಅದು ನಂಜಿನ ಜ್ವರದಿಂದಲೂ ಬರಬಹುದು, ಮಾನಸಿಕ ಕಾಯಿಲೆಯೂ ಇರಬಹುದು. ಎರಡರಲ್ಲಿ ಯಾವುದೇ ಆಗಲಿ, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಅವತ್ತೇ ಆಸ್ಪತ್ರೆಗೆ ಹೋಗಬೇಕು, ಮಗುವನ್ನು ಅವಳ ಹತ್ತಿರ ಒಂಟಿಯಾಗಿ ಬಿಡಬಾರದು.

ಕಾಕಾನ ಲೆಕ್ಕಕ್ಕೆ ಬರೋಣ. ವಯಸ್ಸು ನಲವತ್ತೇಳು, ಅಲ್ಲಿಯವರೆಗೆ ಯಾವ ಮಾನಸಿಕ ತೊಂದರೆಯೂ ಇಲ್ಲ, ಮೂರೇ ದಿನದಲ್ಲಿ ಹೀಗಾದ. ಇದು ಹುಚ್ಚಿನ ನಡೆ ಅಲ್ಲ, ಸನ್ನಿಯ ನಡೆ. ನಮ್ಮ ಕೆಲಸದಲ್ಲಿ ನಿನ್ನೆವರೆಗೆ ಸರಿಯಾಗಿ ಓಡುತ್ತಿದ್ದ ಪ್ರೋಗ್ರಾಂ ಇವತ್ತು ನಿಂತರೆ ಮೊದಲು ಕೇಳುವ ಪ್ರಶ್ನೆ, "ಕೊನೆಗೆ ಏನು ಬದಲಾಯಿಸಿದಿರಿ?" ಅಂತ. ಅದೇ ಕೆಲಸಕ್ಕೆ ತಿಂಗಳ ಸಂಬಳ ತೆಗೆದುಕೊಳ್ಳುವ ನಾನು ಆ ಬುಧವಾರ ಅದೊಂದನ್ನು ಕೇಳಲಿಲ್ಲ.

ಕುಡಿತ ಬಿಟ್ಟರೆ ಒಳ್ಳೆಯದಾಗಬೇಕಲ್ಲ, ಕೆಟ್ಟದ್ದು ಹೇಗೆ ಆಗುತ್ತದೆ ಅಂತ ನಿಮಗೆ ಅನಿಸಬಹುದು. ಬಳ್ಳಾರಿಯಲ್ಲಿ ಡಾಕ್ಟರ್ ವಿವರಿಸಿದ್ದನ್ನು ನಾನು ಹಮಾಲಿಯ ಭಾಷೆಗೆ ತಿರುಗಿಸಿಕೊಂಡಿದ್ದೇನೆ. ಬೆನ್ನ ಮೇಲೆ ಚೀಲ ಇದ್ದಾಗ ಮನುಷ್ಯ ಮುಂದಕ್ಕೆ ಬಾಗಿ ನಡೆಯುತ್ತಾನೆ. ಹಿಂದಿನಿಂದ ಯಾರಾದರೂ ಚೀಲವನ್ನು ಒಮ್ಮೆಲೇ ಕಿತ್ತರೆ ಮುಗ್ಗರಿಸಿ ಬೀಳುತ್ತಾನೆ. ಮದ್ಯ ಮಿದುಳನ್ನು ದಿನಾ ಮಂದ ಮಾಡುತ್ತದೆ. ಮಿದುಳು ಅದರ ವಿರುದ್ಧ ತನ್ನನ್ನು ತಾನು ಕೆರಳಿಸಿಕೊಂಡು ಸಮ ಮಾಡಿಕೊಂಡಿರುತ್ತದೆ. ಮದ್ಯ ಹೋದರೂ ಆ ಕೆರಳಿಕೆ ಕೆಲವು ದಿನ ಉಳಿಯುತ್ತದೆ. ಮೊದಲ ದಿನ ನಡುಕ, ಬೆವರು, ವಾಂತಿ, ಎದೆಬಡಿತ. ಎರಡು ದಿನದ ಒಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಈ ಸನ್ನಿ. ಕಾಕಾನ ಮೈ ಈ ಲೆಕ್ಕವನ್ನು ತಪ್ಪದೆ ಪಾಲಿಸಿತ್ತು. ಕುಡಿಯುವವರೆಲ್ಲರಿಗೂ ಹೀಗಾಗುವುದಿಲ್ಲ. ಆದರೆ ಆದವರಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗುತ್ತದೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಹೋಗುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹೆಚ್ಚು ಕುಡಿಯುವವರು ಊಟ ಕಡಿಮೆ ಮಾಡುತ್ತಾರೆ, ಉಂಡದ್ದೂ ಮೈಗೆ ಹತ್ತುವುದಿಲ್ಲ. ಅವರಲ್ಲಿ ಬಿ1 ಎನ್ನುವ ಜೀವಸತ್ವ ಬರಿದಾಗುತ್ತದೆ. ಅದಿಲ್ಲದೆ ಮಿದುಳು ಗ್ಲೂಕೋಸನ್ನು ಬಳಸಲಾರದು. ಅದಕ್ಕೇ ಇಂಥವರಿಗೆ ಮೊದಲು ಬಿ1 ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ಬರೀ ಗ್ಲೂಕೋಸ್ ಹೋದರೆ ಇದ್ದಬದ್ದ ಬಿ1 ಕೂಡ ಖರ್ಚಾಗಿ ನೆನಪಿನ ಭಾಗಕ್ಕೆ ಶಾಶ್ವತ ಪೆಟ್ಟು ಬೀಳಬಹುದು. ಆ ದವಾಖಾನೆಯವರನ್ನು ನಾನು ದೂರುವುದಿಲ್ಲ, ತಪ್ಪು ಉತ್ತರ ಕೊಟ್ಟವರು ನಾವು. ಈ ಬಿ1 ಎಲ್ಲಿರುತ್ತದೆ ಗೊತ್ತೇ? ತೌಡಿನಲ್ಲಿ. ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿದಾಗ ಉದುರಿ ಹೋಗುವ ತೌಡಿನಲ್ಲಿ. ಕಾಕಾ ಇಪ್ಪತ್ತು ವರ್ಷ ತೌಡಿನ ಚೀಲಗಳನ್ನೂ ಹೊತ್ತವನು.

ಹಾಗಾದರೆ ಏನು ಮಾಡಬೇಕು? ದಿನಾ ಕುಡಿಯುವವರು, ಅದರಲ್ಲೂ ಬೆಳಿಗ್ಗೆ ಎದ್ದು ಕುಡಿಯುವವರು, ಕೈ ನಡುಗುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ಮಾಲೆ ಹಾಕುವ ಮೊದಲು ಡಾಕ್ಟರರನ್ನು ಕಾಣಲಿ. ಅಯ್ಯಪ್ಪನ ಮಾಲೆ ಇರಲಿ, ಹನುಮನ ಮಾಲೆ ಇರಲಿ, ಶ್ರಾವಣ ಮಾಸದ ವ್ರತ ಇರಲಿ. ಬಿಡಬೇಡಿ ಅನ್ನುತ್ತಿಲ್ಲ, ದಯವಿಟ್ಟು ಬಿಡಿ. ಆದರೆ ಆ ಐದಾರು ದಿನಕ್ಕೆ ಮಾತ್ರೆ ಇದೆ, ಇಂಜೆಕ್ಷನ್ ಇದೆ, ಅವುಗಳ ನೆರಳಲ್ಲಿ ಬಿಡಿ. ಮನೆಯಲ್ಲಿ ಬೇರೆಯವರಿಗೆ ಬರೆದುಕೊಟ್ಟ ನಿದ್ದೆ ಮಾತ್ರೆ ಕೊಡಬೇಡಿ. ಒಂದು ಗುಟುಕು ಹಾಕಿದರೆ ಸರಿಹೋಗುತ್ತಾನೆ ಅನ್ನುವವರು ಇರುತ್ತಾರೆ. ನಡುಕ ನಿಲ್ಲುವುದೂ ನಿಜ, ಆದರೆ ಅದರಿಂದ ಆಸ್ಪತ್ರೆಗೆ ಹೋಗುವುದು ತಪ್ಪಿಹೋಗುತ್ತದೆ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರು, ಚಮಚ ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವ ಹೊತ್ತಿನಲ್ಲಿ 108ಕ್ಕೆ ಫೋನ್ ಮಾಡಿ. ಅಪಘಾತವಾಗಿ ಕಾಲು ಮುರಿದು ಆಸ್ಪತ್ರೆ ಸೇರಿದವರಲ್ಲೂ ಮೂರನೇ ದಿನ ಹೀಗಾಗುವುದುಂಟು, ಅಲ್ಲಿ ಕುಡಿಯಲು ಸಿಕ್ಕಿರುವುದಿಲ್ಲ. ಡಾಕ್ಟರ್ "ಕುಡೀತಾರೇನ್ರಿ" ಎಂದು ಕೇಳಿದರೆ ಮಾನಕ್ಕೆ ಅಂಜಿ ಮುಚ್ಚಿಡಬೇಡಿ. ಅವರು ಕೇಳದಿದ್ದರೂ ದಿನಕ್ಕೆ ಎಷ್ಟು, ಕೊನೆಗೆ ಯಾವಾಗ, ಎರಡನ್ನೂ ಹೇಳಿಬಿಡಿ.

ಇದರ ತಿರುಗುಮುರುಗು ತಪ್ಪೂ ನಮ್ಮ ಕಡೆ ಆಗುತ್ತದೆ. ರಸ್ತೆ ಬದಿ, ಕಾಲುವೆ ದಂಡೆಯಲ್ಲಿ ಯಾರಾದರೂ ಬಿದ್ದಿದ್ದರೆ "ಎಣ್ಣಿ ಹೊಡದಾನ ಬಿಡು" ಅಂತ ದಾಟಿ ಹೋಗುತ್ತೇವೆ. ನಮ್ಮ ಎಡದಂಡೆಯ ಊರುಗಳಲ್ಲಿ ಎಣ್ಣೆ ಅಂದರೆ ಮದ್ಯವೂ ಹೌದು, ಗದ್ದೆಗೆ ಸಿಂಪಡಿಸುವ ವಿಷವೂ ಹೌದು. ಯಾವ ಎಣ್ಣೆ ಎಂದು ಒಮ್ಮೆ ಬಗ್ಗಿ ನೋಡಿ. ಬಾಯಲ್ಲಿ ನೊರೆ, ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಗುಂಡುಸೂಜಿ ತಲೆಯಷ್ಟು ಸಣ್ಣ ಆಗಿದ್ದರೆ ಅದು ಕೀಟನಾಶಕ ಇರಬಹುದು. ಕುಡಿಯಲೇಬೇಕಿಲ್ಲ, ಬರಿಮೈಯಲ್ಲಿ ಸಿಂಪಡಿಸಿದರೂ ಚರ್ಮದ ಮೂಲಕ ಏರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದರೂ ತೊದಲುತ್ತಾರೆ, ತೂರಾಡುತ್ತಾರೆ. ನಿಜವಾಗಿ ಕುಡಿದವನೇ ಆಗಿದ್ದರೂ ಅಲುಗಿಸಿದರೆ ಏಳದಿದ್ದರೆ, ಉಸಿರು ಗೊರಗೊರ ಅಂದರೆ ಅದು ನಿದ್ದೆಯಲ್ಲ. ಮಗ್ಗುಲಿಗೆ ಹೊರಳಿಸಿ, ಆಂಬುಲೆನ್ಸ್ ಕರೆಯಿರಿ.

ಮುಂದೆ ಕುಳಿತಿರುವ ಮಕ್ಕಳಿಗೂ ಅವರ ತಂದೆ ತಾಯಿಯರಿಗೂ ಒಂದೆರಡು ಮಾತು. ಪಂಕ್ಚರ್ ಸಲ್ಯೂಷನ್, ವೈಟ್ನರ್ ಮೂಸುವ ಮಕ್ಕಳ ಬಟ್ಟೆ, ಉಸಿರಿನಲ್ಲಿ ಪೇಂಟಿನಂಥ ವಾಸನೆ ಇರುತ್ತದೆ, ಬಾಯಿ ಮೂಗಿನ ಸುತ್ತ ಗುಳ್ಳೆ ಏಳುತ್ತವೆ. ಅದು ಮೊದಲ ಸಲಕ್ಕೇ ಹೃದಯ ನಿಲ್ಲಿಸಬಹುದು. ಗಾಂಜಾದಲ್ಲಿ ಕಣ್ಣು ಕೆಂಪು, ಹೊತ್ತಲ್ಲದ ಹೊತ್ತಿನ ಹಸಿವು, ನಗು, ಮಂಪರು. ಕೆಲವು ಹುಡುಗರಿಗೆ ಅದರಿಂದ ಸಂಶಯ, ಭಯ, ಕಿವಿಯಲ್ಲಿ ದನಿ ಶುರುವಾಗುತ್ತವೆ. ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದ್ದರೆ ಆ ಅಪಾಯ ಹೆಚ್ಚು. ನೋವಿನ ಬಲವಾದ ಮಾತ್ರೆಗಳಿಗೆ ಒಗ್ಗಿದವರು ಅದು ಸಿಗದ ದಿನ ಆಕಳಿಸುತ್ತಾರೆ, ಕಣ್ಣು ಮೂಗು ಸೋರುತ್ತದೆ, ಮೈ ಮುಳ್ಳೇಳುತ್ತದೆ, ಭೇದಿ ಆಗುತ್ತದೆ. ನೆಗಡಿ ಅನ್ನಿಸುತ್ತದೆ, ನೆಗಡಿ ಅಲ್ಲ. ಹುಡುಗನ ಜೇಬು ತಪಾಸಣೆ ಮಾಡಿ ಹೊಡೆದರೆ ಅವನು ಅಡಗಿಸುವುದನ್ನು ಕಲಿಯುತ್ತಾನೆ, ಅಷ್ಟೇ. ಒಂದು ಹೊತ್ತು ಕೂಡಿಸಿಕೊಂಡು ಕೇಳಿ. ಕೇಳುವಾಗ ದನಿ ಎತ್ತರಿಸದಿರುವುದು ಕಷ್ಟ, ನನಗೂ ಗೊತ್ತು.

ಎಲ್ಲಿಗೆ ಹೋಗುವುದು ಎಂದು ಕೇಳುತ್ತೀರಿ. ನಮ್ಮ ಸೀಮೆಗೆ ಇದರಲ್ಲಿ ಒಂದು ಹೆಮ್ಮೆಯ ಮಾತಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಿ, ಹಳ್ಳಿಯಲ್ಲೇ ಔಷಧ ಸಿಗುವಂತೆ ಮಾಡಿ ತೋರಿಸಿದರು. ಆ ಬಳ್ಳಾರಿ ಮಾದರಿಯನ್ನು ಇಟ್ಟುಕೊಂಡೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಹಾಗಾಗಿ ಸನ್ನಿಯ ಲಕ್ಷಣ ಕಂಡರೆ ಬೆಂಗಳೂರಿಗೆ ಬಸ್ ಹತ್ತಬೇಡಿ, ಹತ್ತಿರದ ದೊಡ್ಡ ಸರಕಾರಿ ಆಸ್ಪತ್ರೆಗೆ ಹೋಗಿ, ಅದೂ ಅವತ್ತೇ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 ಇದೆ. 2022ರಿಂದ ಹಗಲು ರಾತ್ರಿ ಉಚಿತವಾಗಿ ನಡೆಯುತ್ತಿದೆ, ಕನ್ನಡದಲ್ಲಿ ಮಾತಾಡುತ್ತಾರೆ. ನಶೆ ಬಿಡಲು ಬೇರೆ ಸಹಾಯವಾಣಿ ಇದೆ, 14446. ಓದುವ ಆಸೆ ಇದ್ದವರು ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳನ್ನು ಹುಡುಕಿ. ನಾನು ಕೊಂಡ ಮೂರನ್ನು ಇವತ್ತು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ.

ಕಾಕಾ ಆಮೇಲೆ ನಾಲ್ಕು ವರ್ಷ ಇದ್ದ. ಕುಡಿಯಲಿಲ್ಲ. ಹಳೆಯದೆಲ್ಲ ನೆನಪಿತ್ತು, ಗಿರಣಿಯ ಲೆಕ್ಕ, ನನ್ನ ಎಸ್ಸೆಸ್ಸೆಲ್ಸಿ ಅಂಕ ಎಲ್ಲವೂ. ಹೊಸದು ಮಾತ್ರ ನಿಲ್ಲುತ್ತಿರಲಿಲ್ಲ. ಮಗಳ ಮದುವೆ ಅವನ ಕಣ್ಣ ಮುಂದೆಯೇ ಆಯಿತು, ಅವನೇ ಧಾರೆ ಎರೆದ. ಮರುದಿನ "ಬೀಗರು ಏನಂದರು" ಅಂತ ಕೇಳಿದ. ನಾನು ಊರಿಗೆ ಬಂದಾಗಲೆಲ್ಲ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ. "ಯಾವಾಗ ಬಂದಿಯೋ?" ಅನ್ನುತ್ತಿದ್ದ. ಈಗ ಬಂದೆ ಕಾಕಾ ಅನ್ನುತ್ತಿದ್ದೆ. ಒಳಗೆ ಹೋಗಿ ನೀರು ಕುಡಿದು ಹೊರಗೆ ಬಂದರೆ ಮತ್ತೆ ಅಷ್ಟೇ ಖುಷಿಯಿಂದ, "ಯಾವಾಗ ಬಂದಿಯೋ?"